ಬುರಾನುದ್ದೀನರ ಆರು ಗಂಟೆಯ ವಾರ್ತೆ

ಆ ಗುರುವಾರ ಬೆಳಗ್ಗೆ ಬುರಾನುದ್ದೀನರು ಚಹಾದ ಬಟ್ಟಲು ಹಿಡಿದು ತಮ್ಮದೇ ಚಾನೆಲ್ಲಿನ ಮುಂದೆ ಕೂತರು. ಕೂತ ಮರುಗಳಿಗೆಯಲ್ಲೇ ತಾವು ತೀರಿಕೊಂಡಿರುವ ವಿಷಯ ಅವರಿಗೆ ತಿಳಿಯಿತು.

ಪರದೆಯ ತುಂಬ ಅವರದೇ ಮುಖ. ಕೊರಳಿಗೆ ಸೇವಂತಿಗೆ ಹಾರ, ಎಡಕ್ಕೊಂದು ಬಲಕ್ಕೊಂದು ಮಿಣಮಿಣ ಉರಿಯುವ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ‘ದಿವಂಗತ ಅಮೋಘಸಿದ್ದ ಮಾಸ್ತರರು, ನರೋಣಾ’. ತಪ್ಪು ಯಾರದೆಂದು ವಿಚಾರಣೆ ನಡೆಸುವ ತೊಂದರೆ ಇರಲಿಲ್ಲ, ಏಕೆಂದರೆ ಆ ಆಫೀಸಿನಲ್ಲಿ ಅವರ ಹೊರತು ಇನ್ನೊಬ್ಬರು ಇರಲಿಲ್ಲ. ಶ್ರದ್ಧಾಂಜಲಿಯ ಚೌಕಟ್ಟು ತಯಾರಿಸುವಾಗ ಮುಖ ಹಾರದ ನಡುವೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಅವರು ಯಾವಾಗಲೂ ಮೊದಲು ತಮ್ಮ ಫೋಟೊ ಹಾಕುತ್ತಿದ್ದರು. ಬದುಕಿರುವ ಬೇರೆಯವರ ಫೋಟೊ ಹಾಕಿ ಯಾಕೆ ಅಪಶಕುನ ಮಾಡಬೇಕು ಎಂಬ ಸೌಜನ್ಯ ಅದು. ಅಳತೆ ಸರಿಹೋದ ಮೇಲೆ ತಮ್ಮದನ್ನು ತೆಗೆದು ಸತ್ತವರದನ್ನು ಹಾಕುವುದು ಪದ್ಧತಿ. ನಿನ್ನೆ ತೆಗೆಯುವ ಹೊತ್ತಿಗೆ ಕರೆಂಟು ಹೋಯಿತು, ಬಂದಾಗ ನೆನಪು ಹೋಗಿತ್ತು. ಹೀಗಾಗಿ ನಿನ್ನೆ ಸಂಜೆಯಿಂದ ಐದೈದು ನಿಮಿಷಕ್ಕೊಮ್ಮೆ, ಮೆಹಂದಿ ಹಚ್ಚಿದ ಕೆಂಪು ಗಡ್ಡದ, ಬಿಳಿ ಟೋಪಿಯ ಅಮೋಘಸಿದ್ದ ಮಾಸ್ತರರು ಇಡೀ ಆಳಂದಕ್ಕೆ ದರ್ಶನ ಕೊಡುತ್ತ ಬಂದಿದ್ದರು.

ಬುರಾನುದ್ದೀನರು ಬಟ್ಟಲು ಕೆಳಗಿಟ್ಟರು. ಮಾಸ್ತರರ ಮಗ ಸಿದ್ದರಾಮೇಶ ಮುಂಗೋಪಿ. ಈಗಾಗಲೇ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಹೊರಟಿರಬೇಕು. ಅವರು ಫೋನು ತೆಗೆದು ನೋಡಿದರು. ಒಂದೂ ಕರೆ ಬಂದಿರಲಿಲ್ಲ. ‘ಅಲ್ಲಾಹ್, ಬಚಾವಾದೆ’ ಎಂದುಕೊಂಡರು. ಚಹಾ ಅರ್ಧ ಮುಗಿಯುವಷ್ಟರಲ್ಲಿ ಆ ಸಮಾಧಾನ ಚುಚ್ಚತೊಡಗಿತು. ಸುದ್ದಿ ಓದುವ ಮನುಷ್ಯನೇ ಸತ್ತಿದ್ದಾನೆಂದು ರಾತ್ರಿಯಿಡೀ ತೋರಿಸಿದರೂ ಊರಿನಲ್ಲಿ ಒಬ್ಬರಾದರೂ ‘ಏನಾಯ್ತು?’ ಎಂದು ಕೇಳಬಾರದೆ?

ಬುರಾನುದ್ದೀನರು ಸಣ್ಣ ಆಸಾಮಿಯಲ್ಲ. ಟಿವಿಯ ಸುದ್ದಿ ಎಂದರೆ ದಿಲ್ಲಿ ಬೆಂಗಳೂರಿನ ದೊಡ್ಡವರದು ಎಂದು ಜನ ನಂಬಿದ್ದ ಕಾಲದಲ್ಲಿ, ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆದು ‘ದೀದಾರ್ ಕೇಬಲ್ ವಾರ್ತೆ’ ಹುಟ್ಟಿಸಿದವರು ಅವರು. ಮೊದಲ ದಿನದ ಮೊದಲ ಸುದ್ದಿ, ಕಿಣ್ಣಿ ಸುಲ್ತಾನ ಹಳ್ಳಿಯ ಎಮ್ಮೆಯೊಂದು ಅವಳಿ ಕರು ಹಾಕಿದ್ದು. ಗುರುತಿನ ಎಮ್ಮೆಯನ್ನು ಟಿವಿಯಲ್ಲಿ ಕಂಡು ಜನ ಚಪ್ಪಾಳೆ ಹೊಡೆದಿದ್ದರು. ಅಫಜಲಪುರದವರು, ಜೇವರ್ಗಿಯವರು ಬಂದು ಈ ವಿದ್ಯೆಯನ್ನು ಅವರ ಕಾಲಬುಡದಲ್ಲಿ ಕೂತು ಕಲಿತುಹೋದರು. ಆಗ ಆರು ಜನ ವರದಿಗಾರರು, ಇಬ್ಬರು ಕ್ಯಾಮೆರಾದವರು, ಚಹಾ ತರಲು ಒಬ್ಬ. ಚುನಾವಣೆ ಬಂದರೆ ಅಭ್ಯರ್ಥಿಗಳು ಅವರ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಕಾಯುತ್ತಿದ್ದರು. ನಲ್ಲಿಗೆ ನೀರು ಎಂದು ಬರುತ್ತದೆ, ಯಾರ ಹೋರಿ ಕಳೆದಿದೆ, ಯಾರ ಮಗುವಿಗೆ ಮೊದಲ ವರ್ಷ ತುಂಬಿತು, ಎಲ್ಲವೂ ಸಂಜೆ ಆರಕ್ಕೆ ಅವರ ಬಾಯಿಂದ ಬಿದ್ದರೇ ಊರಿಗೆ ಖಾತ್ರಿ.

ಆಮೇಲೆ ಜನರ ಕೈಗೆ ಫೋನು ಬಂತು. ವರದಿಗಾರರು ಒಬ್ಬೊಬ್ಬರೇ ಹೋಗಿ ತಂತಮ್ಮ ಫೋನಿನಲ್ಲಿ ತಾವೇ ಸಂಪಾದಕರಾದರು. ಹೆಂಡತಿ ಮೆಹರಾಜಬೇಗಂ ಇರುವವರೆಗೆ, ವಾರ್ತೆ ಮುಗಿದ ಕೂಡಲೇ ಅಡುಗೆಮನೆಯಿಂದ ‘ಇವತ್ತು ಎರಡು ಸಲ ಕೆಮ್ಮಿದ್ರಿ’ ಎಂದು ಹೇಳಲು ಒಂದು ದನಿಯಿತ್ತು. ಆಕೆ ಹೋಗಿ ಐದು ವರ್ಷ. ಈಗ ಮಾಲೀಕರು, ಸಂಪಾದಕರು, ವರದಿಗಾರರು, ವಾಚಕರು, ಕಸ ಗುಡಿಸುವವರು ಎಲ್ಲ ಅವರೇ. ಕ್ಯಾಮೆರಾ ಚಾಲೂ ಮಾಡಿ, ಓಡಿಬಂದು ಕುರ್ಚಿಯಲ್ಲಿ ಕೂತು, ದಮ್ಮು ಹತ್ತಿದ್ದನ್ನು ಅಡಗಿಸಿಕೊಂಡು ‘ನಮಸ್ಕಾರ, ಆದಾಬ್’ ಎನ್ನುತ್ತಿದ್ದರು.

ಫೋನು ಬಡಿದುಕೊಂಡಿತು. ಎದೆಯೂ ಬಡಿದುಕೊಂಡಿತು. ಆದರೆ ಅದು ಜೇವರ್ಗಿಯಿಂದ ಮಗಳು ಮಹೆಕ.

“ಅಬ್ಬಾ, ಮ್ಯಾಲಿನ ಖೋಲಿ ಕೇಳಾಕತ್ತಾರ. ದವಾಖಾನಿ ನರ್ಸಬಾಯಿ ಸೀಮಾ ಅಂತ. ಇವತ್ತ ಸಂಜಿ ತನಕ ಹೇಳ್ರಿ ಅಂದಾರ. ನೀವು ಬರ್ತೀರಂದ್ರ ಆ ಖೋಲಿ ನಿಮಗ. ಬರೂದಿಲ್ಲಂದ್ರ ಅವರಿಗೆ ಚಾವಿ ಕೊಟ್ಟಬಿಡ್ತೇನಿ. ಮೂರು ವರ್ಷ ಆತು ಕೇಳಾಕತ್ತು, ಇದು ಆಖರಿ.”

“ಬೇಟಿ, ನಾ ಬಂದ್ರ ಇಲ್ಲಿ ಸುದ್ದಿ ಯಾರು ಓದ್ತಾರ? ಜನ ದಾರಿ ಕಾಯ್ತಾರ.”

“ಯಾವ ಜನ ಅಬ್ಬಾ?” ಎಂದಳು ಮಹೆಕ. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಬುರಾನುದ್ದೀನರು ಮನಸ್ಸಿನಲ್ಲೇ ಗಲ್ಲಿಯ ಮನೆಗಳನ್ನು ಒಂದೊಂದಾಗಿ ಎಣಿಸಿ ನೋಡಿದರು. “ಸಂಜಿಮುಂದ ಹೇಳ್ತೇನಿ” ಎಂದು ಫೋನಿಟ್ಟರು.

ಇವತ್ತು ಒಬ್ಬನೇ ಒಬ್ಬ ನೋಡುಗ ಸಿಕ್ಕರೆ ಆಳಂದದಲ್ಲೇ ಇರುವುದು, ಸಿಗದಿದ್ದರೆ ಜೇವರ್ಗಿಗೆ ಹೋಗುವುದು. ಹೀಗೆಂದು ನಿರ್ಧರಿಸಿ, ಟೋಪಿ ಸರಿಮಾಡಿಕೊಂಡು, ಮೊದಲು ಒದೆ ತಿನ್ನುವ ಜಾಗಕ್ಕೇ ಹೊರಟರು.

ಸಿದ್ದರಾಮೇಶ ತನ್ನ ಪುಸ್ತಕದಂಗಡಿಯಲ್ಲಿ ನೋಟುಬುಕ್ಕಿಗೆ ಹೊದಿಕೆ ಹಾಕುತ್ತಿದ್ದ. ಬುರಾನುದ್ದೀನರು ಹೊಡೆತ ತಪ್ಪಿಸಿಕೊಳ್ಳುವಷ್ಟು ದೂರದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಆತ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

“ಚಾಚಾ, ನಿಮ್ಮ ಉಪಕಾರ ಮರಿಯಾಂಗಿಲ್ರಿ. ನಿನ್ನೆ ಮನಿಮಂದಿ ಎಲ್ಲಾ ಕುಂತು ನೋಡಿದ್ವಿ. ಅಪ್ಪಾಜಿ ಕಣ್ಣ ಮುಂದ ಬಂದು ಕುಂತಂಗ ಆತು. ಅವ್ವ ಆ ಮಾರಿ ನೋಡಿ ಅತ್ತಿದ್ದೇ ಅತ್ತಿದ್ದು.”

“ಯಾವ ಮಾರಿ?” ಎಂದರು ಬುರಾನುದ್ದೀನರು, ಅರಿವಿಲ್ಲದೆ ಗಡ್ಡ ಮುಟ್ಟಿಕೊಂಡು.

“ಅಪ್ಪಾಜೀದ್ರಿ! ಆ ಹಣಿ ಮ್ಯಾಲಿನ ವಿಭೂತಿ, ಆ ಬೋಳು ಗಲ್ಲ... ಎಷ್ಟ ಚಂದ ಬಂದಿತ್ತು.”

ಬುರಾನುದ್ದೀನರು ಕ್ಷಮೆ ಕೇಳಲು ಬಂದವರು ಕ್ಷಮೆಯನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಹೊರಬಿದ್ದರು. ಒದೆ ತಪ್ಪಿತು. ಆದರೆ ಒದೆ ಬಿದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಬಸ್ ಸ್ಟ್ಯಾಂಡಿನ ಎದುರು ದಶರಥನ ಚಹಾದಂಗಡಿ. ಗೋಡೆಗೆ ಟಿವಿಯಿದೆ, ಟಿವಿಯ ಮೇಲೆ ಒಣಗಲು ಹಾಕಿದ ಚಹಾ ಸೋಸುವ ಬಟ್ಟೆಯಿದೆ. ಬೆಂಚಿನ ಮೇಲೆ ನಾಲ್ಕು ಜನ ತಂತಮ್ಮ ಫೋನಿನೊಳಗೆ ಮುಳುಗಿ ಕೂತಿದ್ದರು.

“ದಶರಥ, ನಿನ್ನೆ ಸುದ್ದಿ ನೋಡಿದೇನೋ?”

“ನೋಡದ ಬಿಡ್ತೇನ್ರಿ ಬುರಾನ್‌ಭಾಯ್? ನಿಮ್ಮ ಸುದ್ದಿ ನೋಡಲಿಲ್ಲಂದ್ರ ನನಗ ಉಂಡದ್ದು ಕರಗಾಂಗಿಲ್ಲ. ಫಸ್ಟ್ ಕ್ಲಾಸ್!”

ಬುರಾನುದ್ದೀನರಿಗೆ ಸಿಟ್ಟು ನೆತ್ತಿಗೇರಿತು. ಇವನ ಸುಳ್ಳನ್ನು ಇಲ್ಲೇ ನಾಲ್ಕು ಜನರ ಮುಂದೆ ಹಿಡಿದುಬಿಡಬೇಕು ಎಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದರು. “ಹಂಗಾದ್ರ ಆ ಮೊಸಳಿ ಸುದ್ದಿ ಹ್ಯಾಂಗಿತ್ತು? ಅಫಜಲಪುರ ಬಸ್ಸು ಗಾಣಗಾಪುರದ ಕಡೆ ಭೀಮಾ ದಂಡಿಗೆ ನಿಂತಾಗ, ನದಿಯಿಂದ ಮೊಸಳಿ ಎದ್ದು ಬಂದು ಬಸ್ ಹತ್ತಿ ಲೇಡೀಸ್ ಸೀಟಿನಾಗ ಕುಂತಿತ್ತಲ್ಲ?”

ದಶರಥ ಕಣ್ಣು ಸಹ ಮಿಟುಕಿಸಲಿಲ್ಲ. “ಅಯ್ಯ, ಅದನ್ನ ಮರಿಯೂದು ಆಗ್ತದೇನ್ರಿ! ಕಿಟಕಿ ಬಾಜೂ ಕುಂತಿತ್ತು. ಬಾಲ ಪೂರಾ ಕಂಡಕ್ಟರ್ ಕಾಲ ಮ್ಯಾಲ ಇತ್ತು.”

ಬೆಂಚಿನ ನಾಲ್ಕೂ ಜನ ಫೋನಿನಿಂದ ತಲೆಯೆತ್ತಿದರು. ಅವರಲ್ಲೊಬ್ಬ ಹೇಳಿದ, “ನಾನೂ ನೋಡೀನ್ರಿ. ಹೆಣ್ಣು ಮೊಸಳಿ ಅದು. ಅದಕ್ಕ ಟಿಕೀಟ್ ತಗೊಂಡಿಲ್ಲ.”

“ಲೇ, ಅಂಥಾ ಸುದ್ದೀನೇ ಇಲ್ಲಲೇ! ಈಗ ಚ್ಯಾಷ್ಟಿಗೆ ಅಂದೆ ನಾನು!” ಎಂದು ಬುರಾನುದ್ದೀನರು ಕೂಗಿದರು. ಅಷ್ಟರಲ್ಲಿ ದಶರಥ ಮೊಸಳೆಯ ಹಲ್ಲಿನ ಉದ್ದವನ್ನು ಎರಡು ಕೈಯಲ್ಲಿ ತೋರಿಸುತ್ತಿದ್ದ, ಅವರ ಮಾತು ಯಾರಿಗೂ ಬೇಕಾಗಿರಲಿಲ್ಲ.

ಮಧ್ಯಾಹ್ನ ಅವರು ಮನೆಗೆ ಬಂದು ಒಂದು ರೊಟ್ಟಿ ಮುರಿಯುವಷ್ಟರಲ್ಲಿ ಪಕ್ಕದ ಮಾಳಿಗೆಯ ವಜೀರುನ್ನಿಸಾ ಕಿಟಕಿಯಿಂದಲೇ ಕೂಗಿದಳು. “ಬುರಾನ್‌ಭಾಯ್, ನಿನ್ನೆ ಆ ಮೊಸಳಿ ಸುದ್ದಿ ಹೇಳಿದ್ರಲ್ಲ, ಅದ್ರ ಸಂಗಟ ಎರಡು ಮರಿ ಇದ್ದಾವಂತ, ಅದನ್ಯಾಕ ಬಿಟ್ರಿ? ಮರಿಗೆ ಅರ್ಧಾ ಟಿಕೀಟ್ ಕೇಳ್ಯಾರಂತ!”

“ನೀವು ನೋಡಿದ್ರೇನು ವಜೀರುನ್ನಿಸಾ?”

“ಹೌ ನಾ! ನನ್ನ ಎರಡೂ ಕಣ್ಣಿಂದ ನೋಡೇನಿ!”

ಮೂವತ್ತು ವರ್ಷ ಖರೇ ಸುದ್ದಿ ಹೇಳಿದರೂ ಸಿಗದ ಪ್ರೇಕ್ಷಕರು, ಹೇಳದೇ ಇದ್ದ ಒಂದು ಸುದ್ದಿಗೆ ಊರು ತುಂಬ ಸಿಕ್ಕಿದ್ದರು. ಬುರಾನುದ್ದೀನರು ಮುರಿದ ರೊಟ್ಟಿಯನ್ನು ಮತ್ತೆ ತಾಟಿಗೆ ಹಾಕಿದರು.

ಮೂರು ಗಂಟೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಎಷ್ಟೋ ವರ್ಷಕ್ಕೆ ಆ ಮೆಟ್ಟಿಲನ್ನು ಒಬ್ಬರು ಹತ್ತಿ ಬರುತ್ತಿದ್ದರು, ಆದ್ದರಿಂದ ಅವರು ಸಂಭ್ರಮದಿಂದಲೇ ಬಾಗಿಲು ತೆರೆದರು. ಬಂದವನು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮೆಹಬೂಬ. ಅವನ ಮುಖ ಕುದಿಯುವ ಎಸರಿನಂತಿತ್ತು.

“ಏನ್ರಿ ಬುರಾನ್‌ಸಾಬ್, ಇವತ್ತ ಗುರುವಾರ. ಗಾಣಗಾಪುರಕ್ಕ ಹೋಗೂ ಭಕ್ತರಿಗೆ ನಿಲ್ಲಾಕ ಜಾಗಾ ಸಿಗಬಾರದು. ಎರಡು ಬಸ್ಸು ಖಾಲಿ ಹೋದ್ವು. ಮೂರನೇದಕ್ಕ ಡ್ರೈವರನೇ ಹತ್ತವಲ್ಲ. ಸೀಟಿನ ಬುಡಕ ಕೋಲು ಹಾಕಿ ತೋರಸ್ರಿ ಅಂತಾನ!”

“ನಾ ಅಂಥ ಸುದ್ದಿ ಹಾಕಿಲ್ಲ ಮೆಹಬೂಬ, ಕಸಮ್.”

“ಹಾಕಿಲ್ಲ? ದಶರಥ ನೋಡ್ಯಾನ. ಸಿದ್ದರಾಮೇಶ ನೋಡ್ಯಾನ. ನಿಮ್ಮ ಬಾಜೂ ಮನಿಯಾಕಿ ನೋಡ್ಯಾಳ. ಊರ ಮಂದಿ ಎಲ್ಲಾ ಸುಳ್ಳು, ನೀವೊಬ್ರೇ ಖರೇ ಏನು?”

“ನೀನು?” ಎಂದರು ಬುರಾನುದ್ದೀನರು. ಅಪರಾಧಿಯ ಸ್ಥಾನದಲ್ಲಿ ನಿಂತೂ ಅವರ ದನಿಯಲ್ಲಿ ಆಸೆಯಿತ್ತು. “ನೀನು ನಿನ್ನೆ ನನ್ನ ಸುದ್ದಿ ನೋಡಿದೇನು?”

ಮೆಹಬೂಬ ತನ್ನ ಬೂಟು ನೋಡಿಕೊಂಡ. “ನೋಡದೇ ಜಗಳಕ್ಕ ಬರ್ತೇನೇನ್ರಿ ನಾನು? ಇವತ್ತ ಆರು ಗಂಟೆಕ್ಕ ತಪ್ಪಾಯ್ತು ಅಂತ ಸುದ್ದಿಯಾಗ ಹೇಳ್ರಿ. ಇಲ್ಲಂದ್ರ ಠಾಣೆಕ್ಕ ಅರ್ಜಿ ಕೊಡ್ತೇನಿ.” ಬೂಟು ಮೆಟ್ಟಿಲಿಳಿದು ಹೋಯಿತು.

ಆರು ಗಂಟೆಗೆ ಬುರಾನುದ್ದೀನರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟರು. ಕ್ಯಾಮೆರಾ ಚಾಲೂ ಮಾಡಿ, ಓಡಿಬಂದು ಕೂತರು.

“ನಮಸ್ಕಾರ, ಆದಾಬ್. ದೀದಾರ್ ವಾರ್ತೆಗೆ ಸ್ವಾಗತ. ಅಫಜಲಪುರ ಬಸ್ಸಿನಲ್ಲಿ ಯಾವುದೇ ಮೊಸಳೆ ಪ್ರಯಾಣ ಮಾಡಿಲ್ಲ. ಪ್ರಯಾಣಿಕರು ನಿರ್ಭಯವಾಗಿ ಹತ್ತಬಹುದು. ನಿನ್ನೆಯ ಶ್ರದ್ಧಾಂಜಲಿಯಲ್ಲಿ ಕಂಡ ಚಿತ್ರ ನನ್ನದು. ದಿವಂಗತರ ಕುಟುಂಬದ ಕ್ಷಮೆ ಕೋರುತ್ತೇನೆ.”

ಇಷ್ಟಾದ ಮೇಲೆ ಅವರು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಮೂವತ್ತು ವರ್ಷದಲ್ಲಿ ಮೊದಲ ಸಲ ಕಾಗದವಿಲ್ಲದೆ ಮಾತಾಡಿದರು.

“ಈ ಹೊತ್ತಿನಲ್ಲಿ ಯಾರಾದರೂ ನನ್ನನ್ನು ನೋಡುತ್ತಿದ್ದರೆ, ದಯವಿಟ್ಟು ಒಂದು ಫೋನು ಮಾಡಿ. ಮಾತಾಡಬೇಕಾಗಿಲ್ಲ. ಬೈಯಲು ಮಾಡಿದರೂ ನಡೆದೀತು. ನಾನು ಕಾಯುತ್ತೇನೆ.”

ಕಾದರು. ಕ್ಯಾಮೆರಾದ ಕೆಂಪು ದೀಪ ಅವರನ್ನು ನೋಡುತ್ತಿತ್ತು, ಅವರು ಮೇಜಿನ ಮೇಲಿದ್ದ ಫೋನನ್ನು ನೋಡುತ್ತಿದ್ದರು. ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಕೆಳಗೆ ಗಲ್ಲಿಯಲ್ಲಿ ಜನ ಮಾತಾಡುತ್ತಿದ್ದರು, ನಗುತ್ತಿದ್ದರು, ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಇಷ್ಟು ಜನರ ನಡುವೆ ತಮ್ಮಷ್ಟು ಒಂಟಿ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವರಿಗೆ ಅನ್ನಿಸಿ ಕಣ್ಣು ತುಂಬಿತು. ಅಳುವುದನ್ನೂ ಕ್ಯಾಮೆರಾ ನೇರಪ್ರಸಾರ ಮಾಡಿತು, ಅದನ್ನೂ ಯಾರೂ ನೋಡಲಿಲ್ಲ.

ಅವರೇ ಫೋನೆತ್ತಿ ಮಹೆಕಳಿಗೆ ಹಚ್ಚಿದರು. “ಬೇಟಿ, ನಾಳೆ ಮುಂಜಾನಿ ಬಸ್ಸಿಗೆ ಬರ್ತೇನಿ. ಖೋಲಿ ನನಗಿರಲಿ.”

ಆ ಕಡೆ ಮಹೆಕ ಮೂಗು ಸೇದುವ ಸದ್ದು ಕೇಳಿಸಿತು. “ಖರೇ ಅಬ್ಬಾ? ಈಗ ನೀರು ಹಾಕಿ ಖೋಲಿ ತೊಳೀತೇನಿ. ಸೀಮಾಬಾಯಿ ಬಾಗಿಲಾಗೇ ನಿಂತಾರ, ಇಲ್ಲ ಅಂತ ಹೇಳಿ ಕಳಸ್ತೇನಿ.”

ಎದೆ ಹಗುರಾಯಿತು. ಹೋಗುವ ಮೊದಲು ತಾವು ಎಳೆದ ವೈರನ್ನು ತಮ್ಮ ಕೈಯಿಂದಲೇ ಕಡಿದು ಹೋಗಬೇಕು, ಅರ್ಧಕ್ಕೆ ಬಿಟ್ಟು ಓಡಿಹೋದ ಎಂದು ಯಾರೂ ಅನ್ನಬಾರದು ಎಂದುಕೊಂಡು ಕಟಿಂಗ್ ಪ್ಲೇಯರ್ ಹಿಡಿದು ಮಾಳಿಗೆ ಹತ್ತಿದರು. ಬಿಸಿಲು ಇನ್ನೂ ಗೋಡೆಗಳ ತುದಿಯಲ್ಲಿತ್ತು. ತಮ್ಮ ಕಂಬದಿಂದ ಗಲ್ಲಿ ದಾಟಿ ಹೋಗುವ ಮುಖ್ಯ ವೈರನ್ನು ಹಿಡಿದು, ಬಿಸ್ಮಿಲ್ಲಾ ಎಂದು ಕಟ್ ಎನಿಸಿದರು. ವೈರು ಸರ್ರನೆ ಜಾರಿ ಕೆಳಗೆ ಹೋಯಿತು.

ಕೂಡಲೇ ಗಲ್ಲಿಯಲ್ಲಿ ಹಾಹಾಕಾರವೆದ್ದಿತು.

“ಬುರಾನ್‌ಭಾಯ್! ಕಡೀಬ್ಯಾಡ್ರಿ! ನಿಮ್ಮ ಕೈ ಮುಗೀತೇವಿ!”

ಬುರಾನುದ್ದೀನರು ಮಾಳಿಗೆಯ ಗಿಡ್ಡ ಗೋಡೆಯಿಂದ ಬಗ್ಗಿ ನೋಡಿದರು. ಬಾಗಿಲುಗಳಿಂದ ಜನ ಹೊರಗೆ ಓಡಿಬರುತ್ತಿದ್ದರು. ಇದೇ ಗಲ್ಲಿಯಲ್ಲಿ ಮನೆಯಿದ್ದ ದಶರಥ ಚಹಾದ ಸೌಟು ಹಿಡಿದೇ ಬಂದಿದ್ದ. ವಜೀರುನ್ನಿಸಾ ಬಂದಿದ್ದಳು, ಮೂಲೆಮನೆಯ ರೇವಮ್ಮ ಎದೆ ಬಡಿದುಕೊಳ್ಳುತ್ತ ಬಂದಿದ್ದಳು, ಟೇಲರ್ ಖುರ್ಷಿದ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದಿದ್ದ. ಮೂವತ್ತು ನಲವತ್ತು ಜನ, ಎಲ್ಲರ ಮುಖವೂ ಮೇಲಕ್ಕೆ.

“ನಿಮ್ಮ ವೈರ್ ಇಲ್ಲಂದ್ರ ನಮ್ಮ ಗತಿ ಏನ್ರಿ?” ಎಂದಳು ರೇವಮ್ಮ.

“ಇಷ್ಟು ವರ್ಷ ಇದರ ಮ್ಯಾಲೇ ಬದುಕೀವ್ರಿ ನಾವು!” ಎಂದ ಖುರ್ಷಿದ.

ಬುರಾನುದ್ದೀನರಿಗೆ ಈಗ ತಿಳಿಯಿತು. ಫೋನು ಮಾಡದೇ ಇದ್ದದ್ದು ಸಂಕೋಚದಿಂದ! ಪಾಪ, ತಮ್ಮ ಅಳು ನೋಡಿ ಇವರೂ ಅತ್ತಿರಬೇಕು. ಅವರು ಎರಡೂ ಕೈಯೆತ್ತಿ ಹೇಳಿದರು, “ನನಗ ಮಾಫ್ ಮಾಡ್ರಿ. ನಿಮ್ಮ ಪ್ರೀತಿ ನನಗ ಗೊತ್ತಾಗಲಿಲ್ಲ. ಜೀವ ಇರೂತನಕ ಈ ವೈರಿಗೆ ಕೈ ಹಚ್ಚೂದಿಲ್ಲ. ಇದು ನನ್ನ ಜುಬಾನ್!” ಜನ ಹೋ ಎಂದು ಚಪ್ಪಾಳೆ ಹೊಡೆದರು.

ಆ ಚಪ್ಪಾಳೆ ನಿಲ್ಲುವ ಮೊದಲೇ ಅವರು ಮಹೆಕಳಿಗೆ ಮತ್ತೆ ಹಚ್ಚಿ, ಫೋನನ್ನು ಗಲ್ಲಿಯ ಕಡೆಗೆ ಚಾಚಿ ಹಿಡಿದರು. “ಕೇಳಿದೇನು ಮಹೆಕ? ಯಾವ ಜನ ಅಂತ ಕೇಳಿದ್ದಿ ಅಲ್ಲ? ಈ ಜನ! ನಾ ಬರಾಂಗಿಲ್ಲ ಬೇಟಿ. ಹ್ಯಾಂಗ ಬಿಟ್ಟು ಬರ್ಲಿ?”

ಆ ಕಡೆಯಿಂದ ಬಕೆಟ್ಟು ಕೆಳಗಿಟ್ಟ ಸದ್ದು ಬಂತು. “ಆತು ಅಬ್ಬಾ” ಎಂದಳು ಮಹೆಕ, ಬಹಳ ಮೆಲ್ಲಗೆ. “ಸೀಮಾಬಾಯಿ ಇನ್ನೂ ಗಲ್ಲಿ ದಾಟಿಲ್ಲ. ಕರದು ಚಾವಿ ಕೊಡ್ತೇನಿ.”

ಬುರಾನುದ್ದೀನರು ಕೆಳಗಿಳಿದು ಬಂದು ಜನರ ನಡುವೆ ನಿಂತರು. ಮದುಮಗನ ಮುಖಕ್ಕೂ ಅಷ್ಟು ಕಳೆ ಇರುವುದಿಲ್ಲ. “ಈಗ ಹೇಳ್ರಿ, ನನ್ನ ವಾರ್ತೆಯಾಗ ನಿಮಗ ಯಾವ ಸುದ್ದಿ ಹೆಚ್ಚಿಗಿ ಸೇರ್ತದ?”

ಜನ ಗಟಾರದ ಕಡೆ ನೋಡುತ್ತಿದ್ದರು.

“ಸುದ್ದಿ ಮಾತು ಆಮ್ಯಾಲ ಆಡೂಣು” ಎಂದಳು ರೇವಮ್ಮ. “ಮೊದಲ ವೈರ್ ಕಟ್ಟ್ರಿ. ಮಾನಮಿ ಹಬ್ಬ ಬಂತಂತ ಮನ್ಯಾಗಿನ ಹನ್ನೆರಡೂ ಕೌದಿ ಒಗದು ಇದರ ಮ್ಯಾಲ ಹಾಕಿದ್ದೆ. ಎಲ್ಲಾ ಗಟಾರದಾಗ ಬಿದ್ದಾವ ನೋಡ್ರಿ!”

ಬುರಾನುದ್ದೀನರು ನೋಡಿದರು. ಕೌದಿಗಳು ಗಟಾರದ ನೀರು ಕುಡಿಯುತ್ತ ಮಲಗಿದ್ದವು. ವಜೀರುನ್ನಿಸಾಳ ಹೀರೇಬಳ್ಳಿ ಹೂವು ಕಾಯಿ ಸಮೇತ ಕೆಳಗೆ ಬಂದಿತ್ತು. ದಶರಥನ ಮನೆಯಂಗಳದ ತಾಡಪತ್ರಿ ಅವನ ಎಮ್ಮೆಯ ಮೇಲೆ ಮುಸುಕು ಹಾಕಿತ್ತು. ಖುರ್ಷಿದ ಎಲ್ಲರಿಗಿಂತ ದುಃಖದಲ್ಲಿದ್ದ. ಗಾಳಿಗೆ ಅಲುಗಾಡಬಾರದೆಂದು ಅವನು ತನ್ನ ಹೊಸ ಡಿಶ್ ಕೊಡೆಯನ್ನು ಈ ವೈರಿಗೇ ಬಿಗಿದಿದ್ದ, ಈಗ ಅದು ಆಕಾಶ ಬಿಟ್ಟು ನೆಲ ನೋಡುತ್ತಿತ್ತು.

“ಸುದ್ದಿ... ಯಾರೂ ನೋಡಲಿಲ್ಲೇನು?” ಎಂದರು ಬುರಾನುದ್ದೀನರು. ಜನ ತಮ್ಮ ತಮ್ಮ ಸಾಮಾನು ಹೆಕ್ಕಿಕೊಳ್ಳುವುದರಲ್ಲಿದ್ದರು.

ಅವರು ಫೋನು ತೆಗೆದರು, ಮಹೆಕಳ ಹೆಸರಿನ ತನಕ ಬಂದರು, ನಿಂತರು. ಏನೆಂದು ಹೇಳುವುದು? ಜನಕ್ಕೆ ಬೇಕಾಗಿದ್ದುದು ನಾನಲ್ಲ, ಕೌದಿ ಒಣಗಿಸುವ ಹಗ್ಗ ಎಂದೆ? ಫೋನು ಜೇಬಿಗೆ ಹಾಕಿ, ಏಣಿ ಇಟ್ಟು, ವೈರು ಎಳೆದು, ತುದಿ ಸುಲಿದು, ಗಂಟು ಹಾಕಿ ಟೇಪು ಸುತ್ತಿದರು. ಮಾತು ಕೊಟ್ಟಾಗಿತ್ತು.

ಗಂಟು ಹಾಕಿದ ವೈರು ಭಾರ ತಡೆಯುವುದಿಲ್ಲ ಎಂಬುದು ಮೂವತ್ತು ವರ್ಷದ ಕಸುಬುದಾರನಿಗೆ ಗೊತ್ತು. ಆದ್ದರಿಂದ ಅವರು ಮತ್ತೆ ಶೇರವಾನಿಯ ಗುಂಡಿ ಹಾಕಿಕೊಂಡು, ಕ್ಯಾಮೆರಾ ಚಾಲೂ ಮಾಡಿ, ಓಡಿಬಂದು ಕುರ್ಚಿಯಲ್ಲಿ ಕೂತರು.

“ನಮಸ್ಕಾರ, ಆದಾಬ್. ಇದೀಗ ವಿಶೇಷ ವಾರ್ತೆ. ಕೇಬಲ್ ವೈರನ್ನು ಈಗಷ್ಟೇ ಜೋಡಿಸಲಾಗಿದ್ದು, ನಾಗರಿಕರು ಅದರ ಮೇಲೆ ಒದ್ದೆ ಕೌದಿಗಳನ್ನು ಹಾಕಬಾರದಾಗಿ ಕೈಮುಗಿದು ವಿನಂತಿ. ವಾರ್ತೆ ಮುಗಿಯಿತು.”

ಎದ್ದು, ಉಸಿರು ಬಿಟ್ಟು, ಕಿಟಕಿ ತೆರೆದರು. ಎದುರಿಗೇ, ಕೈಗೆಟಕುವಷ್ಟು ಹತ್ತಿರದ ಮಾಳಿಗೆಯ ಮೇಲೆ, ರೇವಮ್ಮ ಒಂದು ತುದಿ, ವಜೀರುನ್ನಿಸಾ ಇನ್ನೊಂದು ತುದಿ ಹಿಡಿದು, ಮತ್ತೆ ಜಾಲಿಸಿದ, ನೀರು ಸುರಿಯುವ ದಪ್ಪ ಕೌದಿಯೊಂದನ್ನು ಆ ವೈರಿನ ಮೇಲೆ ಎತ್ತಿ ಹಾಕುತ್ತಿದ್ದರು. ಗಂಟು ಕಿರ್ರೆಂದಿತು. ಕಿಟಕಿಯಲ್ಲಿ ಅವರ ಮುಖ ಕಂಡು ರೇವಮ್ಮ ಸೆರಗು ಸರಿಮಾಡಿಕೊಂಡು ಬಾಯಿತುಂಬ ನಕ್ಕಳು.

“ಈಗ ನಿಮ್ಮ ಸುದ್ದೀನೇ ನೋಡಿ ಬಂದ್ವಿ ನೋಡ್ರಿ ಬುರಾನ್‌ಭಾಯ್. ಭಾಳ ಚಂದ ಹೇಳಿದ್ರಿ!”